ಎಂಬತ್ತರ ಮೇಲಿನ ನಡುಕ

ಗಾಡಿ ನಡುಗುತ್ತದೆ ಎಂಬುದರಲ್ಲಿ ಮೊತಿಬಿಗೆ ಅನುಮಾನವೇ ಇರಲಿಲ್ಲ. ಅನುಮಾನವಿದ್ದುದು ಈ ಜನರ ಬಗ್ಗೆ. ಬೆಳಗಿನ ಬಿಸಿಲು ಆಗಲೇ ಬಾನೆಟ್ಟನ್ನು ಮುಟ್ಟಗೊಡದಷ್ಟು ಕಾಯಿಸಿತ್ತು. ಅವನು ಪಿಕಪ್ಪಿನ ಬಾಗಿಲಿಗೆ ಒರಗಿ ಹೆಂಡತಿಯ ಸೋದರಮಾವನ ದಾರಿ ಕಾಯುತ್ತ, ಮರೂಲ ಮರದ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು ಕರಿದ ಹಿಟ್ಟಿನುಂಡೆ ತಿನ್ನುತ್ತಿದ್ದ ಭಾವಮೈದ ಟಿರೆಲೊನನ್ನು ನೋಡುತ್ತಿದ್ದ. ಟಿರೆಲೊ ತಿನ್ನುವುದು ಅವನಿಗೆ ಎಂದೂ ಸೇರಿರಲಿಲ್ಲ. ತಿಂದಾದ ಮೇಲೆ ಎಣ್ಣೆಗೈಯನ್ನು ಮೊಣಕಾಲಿಗೆ, ಅಲ್ಲಿಂದ ಕಣಕಾಲಿಗೆ ಸವರಿ ಚರ್ಮ ಮಿರುಗಿಸಿಕೊಳ್ಳುವ, ಒಂದು ತೊಟ್ಟೂ ಹಾಳುಮಾಡದ ಆ ಜಾಣತನ. ಈ ಮನೆಯವರೆಲ್ಲ ಹೀಗೇ. ಏನನ್ನೂ ಬಿಸಾಕುವುದಿಲ್ಲ, ತಮಗೆ ಬೇಡವಾದದ್ದನ್ನು ಅಳಿಯನಿಗೆ ಮಾರುತ್ತಾರೆ. ತೂಕ-ಅಳತೆ ಇಲಾಖೆಯಲ್ಲಿ ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ಹಿಡಿದು ಊರೂರಿನ ಕಟುಕರ ತಕ್ಕಡಿ ಪರೀಕ್ಷಿಸಿ ಮೊತಿಬಿ ಒಂದು ಸಂಗತಿ ಕಲಿತಿದ್ದ: ತಕ್ಕಡಿಯಲ್ಲಿ ಸುಳ್ಳು ಹೇಳುವವನು ಮೊದಲು ನಗುತ್ತಾನೆ, ಆಮೇಲೆ ಕುರ್ಚಿ ಹಾಕುತ್ತಾನೆ. ಕೀಲಿಕೈ ಕೊಡುವ ದಿನ ಟಿರೆಲೊ ನಕ್ಕಿದ್ದ. "ಗೂಳಿ ಇದ್ದಂಗಿದೆ ಭಾವ, ನನ್ನ ಕೈಲಿ ಒಂದಿನಾನೂ ತಕರಾರು ತೆಗೀಲಿಲ್ಲ" ಎಂದಿದ್ದ. ಕುರ್ಚಿಯನ್ನೂ ಹಾಕಿದ್ದ.

ವೇಗ ಎಂಬತ್ತು ದಾಟಿದ ಮೇಲೆ ಅದು ಶುರುವಾಗುತ್ತಿತ್ತು. ಮೊದಲು ಸೀಟಿನಲ್ಲಿ, ತೊಡೆಯ ಕೆಳಗೆ, ಜೋಮು ಹಿಡಿದು ಬಿಡುವಾಗಿನ ಹಾಗೆ. ತೊಂಬತ್ತಕ್ಕೆ ನೆಲದ ತಗಡು ಗುಂಯ್‌ಗುಟ್ಟುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡಾಗಿ ಕಾಣುತ್ತಿತ್ತು. ಹಲ್ಲು ಕಚ್ಚಿಕೊಂಡಿದ್ದರೆ ಹಲ್ಲಿಗೆ, ಬಿಟ್ಟರೆ ನಾಲಗೆಗೆ. ಸ್ಟೀರಿಂಗ್ ಮಾತ್ರ ಸುಮ್ಮನಿರುತ್ತಿತ್ತು. ಹಾಗಾಗಿ ಮುಂದಿನ ಚಕ್ರಗಳಲ್ಲ. ಗೇರು ತೆಗೆದು ಸುಮ್ಮನೆ ಉರುಳಲು ಬಿಟ್ಟರೂ ನಡುಕ ಇರುತ್ತಿತ್ತು. ಹಾಗಾಗಿ ಎಂಜಿನ್ನೂ ಅಲ್ಲ. ಹಿಂದಿನ ಚಕ್ರ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿಸಿ ನೋಡಿದ. ನಡುಕ ಜಾಗ ಬಿಟ್ಟು ಕದಲಲಿಲ್ಲ. ಉಳಿದದ್ದು ಎಂಜಿನ್ನಿನ ತಿರುವನ್ನು ಹಿಂದಿನ ಅಚ್ಚಿಗೆ ಒಯ್ಯುವ ಉದ್ದನೆಯ ಶಾಫ್ಟು. ಪಲಾಪ್ಯೆ ಪಟ್ಟಣದ ಗ್ಯಾರೇಜಿನಲ್ಲಿ ತಾಪಿವಾ ಎಂಬ ಜಿಂಬಾಬ್ವೆಯವನು ಅದನ್ನು ಬಿಚ್ಚಿ, ಎರಡೂ ಕಡೆಯ ಕೀಲಿನ ಕ್ರಾಸುಗಳನ್ನು ಬದಲಾಯಿಸಿ, ರಾಜಧಾನಿಗೆ ಕಳಿಸಿ ಸಮತೂಕ ಮಾಡಿಸಿ ತರಿಸಿ, ಮತ್ತೆ ಹಾಕಿ, ದನಗಳು ತುಂಬಿದ ಪೇಟೆಯ ಬೀದಿಯಲ್ಲಿ ಒಂದು ಸುತ್ತು ಓಡಿಸಿ, "ಬೆಣ್ಣೆ ಸಾರ್" ಎಂದಿದ್ದ. ಹೆದ್ದಾರಿಗೆ ಬಂದ ಕೂಡಲೇ ಮತ್ತೆ ತೊಡೆಯ ಕೆಳಗೆ ಜೋಮು. ಮರಳಿ ಹೋಗಿ ಕೂಗಾಡಿದ್ದಕ್ಕೆ ಅವನು ಕೈ ಒರೆಸಿಕೊಳ್ಳುತ್ತ, "ಅರವತ್ತರಲ್ಲಿ ಓಡ್ಸಿ ಸಾರ್. ಎಂಬತ್ತಕ್ಕೆ ಹೋಗೋ ಅಂಥ ತುರ್ತು ಏನಿದೆ ನಿಮ್ಗೆ? ಹೆಣ ಏನಾದ್ರೂ ಹೊರ್ತೀರಾ?" ಎಂದ. ಈ ದೇಶದಲ್ಲಿ ಎಲ್ಲರೂ ಹೀಗೇ ಮಾತಾಡುತ್ತಾರೆ, ಗಡಿ ದಾಟಿ ಬಂದವರೂ ಕಲಿತುಬಿಡುತ್ತಾರೆ: ಕೆಟ್ಟದ್ದನ್ನು ಸರಿಮಾಡುವುದಿಲ್ಲ, ಕೆಟ್ಟದ್ದಕ್ಕೆ ತಕ್ಕ ಹಾಗೆ ನಡೆಯಲು ಹೇಳಿಕೊಡುತ್ತಾರೆ.

ಆದರೆ ಮೊತಿಬಿಗೆ ಎಂಬತ್ತರ ಮೇಲೆ ಹೋಗುವುದು ಬೇಕಾಗಿತ್ತು. ಹಳ್ಳಿಯಿಂದ ಪಲಾಪ್ಯೆಯ ಕಚೇರಿಗೆ ದಿನವೂ ಒಬ್ಬನೇ ಹೋಗುವ ಆ ಹೊತ್ತಿಗಾಗಿಯೇ ಅವನು ಗಾಡಿ ಕೊಂಡದ್ದು. ಅದಕ್ಕೆ ಮೊದಲು ಹಲವು ವರ್ಷ ಅವನೂ ರಸ್ತೆಯ ಪಕ್ಕದ ಮುಳ್ಳುಮರದ ಕೆಳಗೆ ನಿಂತು, ತೋಳು ಚಾಚಿ ಅಂಗೈಯನ್ನು ಕೆಳಮುಖವಾಗಿ ಆಡಿಸಿ, ಯಾವನದೋ ಗಾಡಿಯ ಹಿಂದೆ ಜೋಳದ ಚೀಲ, ಕೋಳಿ, ಕೆಮ್ಮುವ ಮುದುಕರ ನಡುವೆ ತುರುಕಿಕೊಂಡು, ಕಚೇರಿ ಮುಟ್ಟುವಾಗ ಬಿಳಿ ಅಂಗಿಯ ಮೇಲೆ ಇನ್ನೊಬ್ಬರ ಬೆವರು ಹೊತ್ತು ಹೋಗಿದ್ದ. ಈಗ ಆ ಮುಳ್ಳುಮರಗಳ ಕೆಳಗಿನ ಕೈಗಳು ದೂರದಿಂದಲೇ ಕಾಣುತ್ತಿದ್ದವು. ಕೆರೆಯಂಚಿನ ಕೊಕ್ಕರೆಗಳ ಹಾಗೆ ಒಟ್ಟಿಗೆ ಏಳುತ್ತಿದ್ದವು, ಅವನು ಹತ್ತಿರವಾದಂತೆ ಇನ್ನೂ ಜೋರಾಗಿ ಬಡಿಯುತ್ತಿದ್ದವು, ದಾಟಿದ ಮೇಲೆ ಒಂದೊಂದಾಗಿ ಬೀಳುತ್ತಿದ್ದವು. ಆ ಹೊತ್ತಿಗೆ ಸರಿಯಾಗಿ ಅವನಿಗೆ ರೇಡಿಯೋದ ಕಿವಿ ತಿರುಗಿಸುವುದೋ ಕನ್ನಡಿ ಸರಿಮಾಡುವುದೋ ಇರುತ್ತಿತ್ತು. ತನ್ನ ಪಕ್ಕದ ಸೀಟು ಖಾಲಿಯಿರುವುದನ್ನು ನೋಡುವ ಸುಖವೇ ಬೇರೆ. ಆ ಸುಖವನ್ನು ಈ ನಡುಕ ಕೆಡಿಸಿತ್ತು. ಒಳ್ಳೆಯ ಮಂಚ ಕೊಂಡವನಿಗೆ ತಿಗಣೆ ಸಿಕ್ಕ ಹಾಗೆ.

ಹಾಗಾಗಿಯೇ ಹೋದ ತಿಂಗಳು ಹೆಂಡತಿಯ ತವರಿನ ಅಂಗಳದಲ್ಲಿ ಎಲ್ಲರೂ ಸೇರಿದ್ದಾಗ ಅವನು ಬಾಯಿಬಿಟ್ಟ. ಟಿರೆಲೊ ಗೊತ್ತಿದ್ದೂ ಕೆಟ್ಟ ಗಾಡಿ ಕಟ್ಟಿದ್ದಾನೆ ಎಂದ. 'ಕಳ್ಳ' ಎಂಬ ಮಾತನ್ನು ಆಡಲಿಲ್ಲ, ಆದರೆ ಆಡದೆ ಬಿಟ್ಟ ಜಾಗ ಎಲ್ಲರಿಗೂ ಕಾಣುವ ಹಾಗೆ ಬಿಟ್ಟ. ಅಳಿಯನಾದವನು ಹೆಂಡತಿಯ ಮನೆಯಲ್ಲಿ ತಗ್ಗಿನ ಜಾಗದಲ್ಲಿ ಕೂತು, ಮದುವೆಗೆ ಮಾಂಸ ಬೇಯಿಸಿ, ಸಾವಿಗೆ ಗುಂಡಿ ತೋಡಿ, ಕೇಳಿದಾಗ ಮಾತ್ರ ಮಾತಾಡಬೇಕಾದವನು. ಟಿರೆಲೊ ತಂದೆಯ ಸಮಾಧಿಯ ಮೇಲೆ ಆಣೆಯಿಟ್ಟ: ತಾನು ಓಡಿಸಿದ ಅಷ್ಟು ವರ್ಷದಲ್ಲಿ ಗಾಡಿ ಒಂದು ಸಲವೂ ನಡುಗಿಲ್ಲ. ಆಗ ಒನಲೆನಾ, ಮೊತಿಬಿಯ ಹೆಂಡತಿ, ಹೆಂಗಸರ ಚಾಪೆಯಿಂದ ಎದ್ದು ನಿಂತಳು. "ನಡುಗುತ್ತೆ," ಅಂದಳು. "ನಾನೂ ಕೂತಿದ್ದೀನಿ. ನಂಗೂ ಗೊತ್ತಾಗಿದೆ." ಅವಳ ತಾಯಿ ತಲೆ ತಗ್ಗಿಸಿದಳು. ಒನಲೆನಾ ಅದರಲ್ಲಿ ಕೂತದ್ದು ಭಾನುವಾರಗಳಲ್ಲಿ, ಹೊಲಕ್ಕೆ ನೀರಿನ ಪೀಪಾಯಿ ಒಯ್ಯುವಾಗ, ಗುಂಡಿಬಿದ್ದ ಮಣ್ಣುದಾರಿಯಲ್ಲಿ. ಅಲ್ಲಿ ಎಲ್ಲ ಗಾಡಿಗಳೂ ಕುಣಿಯುತ್ತವೆ, ಯಾವುದೂ ಎಂಬತ್ತು ಮುಟ್ಟುವುದಿಲ್ಲ. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಗಂಡ ಒಬ್ಬನೇ ನಿಂತದ್ದು ನೋಡಲಾಗದೆ ಒಡಹುಟ್ಟಿದವನ ಎದುರು ಸುಳ್ಳು ಹೇಳಿದ್ದಳು. ಆ ರಾತ್ರಿ ಮೊತಿಬಿ ಕೃತಜ್ಞತೆ ಹೇಳಲಿಲ್ಲ. ಹೇಳಿದರೆ ಅದು ಸುಳ್ಳೆಂದು ಒಪ್ಪಿದಂತಾಗುತ್ತಿತ್ತು. ಬದಲಿಗೆ ಅವಳ ಬಗ್ಗೆಯೂ ಸಣ್ಣದೊಂದು ತಿರಸ್ಕಾರ ಹುಟ್ಟಿ, ಅದನ್ನು ಹುಟ್ಟಿಸಿಕೊಂಡ ತನ್ನ ಬಗ್ಗೆ ಇನ್ನೂ ದೊಡ್ಡದು ಹುಟ್ಟಿತು.

ಸೋದರಮಾವ ಕೆನೋಸಿ ಆ ದಿನವೇ ತೀರ್ಮಾನ ಹೇಳಿದ್ದ. ತಾನೇ ಕೂತು ನೋಡುವುದು. ನಡುಗಿದರೆ ಟಿರೆಲೊ ಗಾಡಿ ವಾಪಸು ತಗೊಂಡು ತಪ್ಪಿಗೆ ಒಂದು ಮಣಕ ಹಸು ಕೊಡುವುದು. ನಡುಗದಿದ್ದರೆ ಅಳಿಯ ಎಲ್ಲರೆದುರು ಕುಕ್ಕರಿಸಿ ತಪ್ಪಾಯಿತೆನ್ನುವುದು. ಸಾಕ್ಷಿ ನುಡಿದವಳ ಮಾತನ್ನು ಇನ್ನು ಮೇಲೆ ತವರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಈ ಕೊನೆಯದನ್ನು ಅವನು ಬಾಯಲ್ಲಿ ಹೇಳಿರಲಿಲ್ಲ, ಒನಲೆನಾಳ ಕಡೆ ನೋಡಿದ್ದ ಅಷ್ಟೆ.

ಕೆನೋಸಿ ಬಂದ. ತುಪ್ಪಟದ ಟೋಪಿ, ಗುಂಡಿ ಹಾಕಿದ ಕೋಟು, ಕೈಯಲ್ಲಿ ಮಡಿಸುವ ಮರದ ಕುರ್ಚಿ. ಎಲ್ಲಿ ಹೋದರೂ ಸ್ವಂತ ಕುರ್ಚಿ ಒಯ್ಯುವವನು. ಜಗತ್ತೆಲ್ಲ ತನ್ನ ಪಂಚಾಯಿತಿ ಕಟ್ಟೆ ಎಂದುಕೊಂಡವನು. ಒನಲೆನಾ ಮನೆಯೊಳಗಿಂದ ನೀಲಿ ಚುಕ್ಕೆಯ ಲಂಗ ಉಟ್ಟು, ಚೌಕಳಿ ಶಾಲಿಗೆ ಪಿನ್ನು ಚುಚ್ಚಿಕೊಳ್ಳುತ್ತ ಹೊರಬಂದಳು.

"ಏನಮ್ಮಾ, ಮದುವೆ ಮನೆಗೆ ಹೊರಟಂಗೆ ಇದೀಯಲ್ಲ?" ಎಂದ ಕೆನೋಸಿ.

"ನೀವೇ ಹೇಳಿದ್ರಲ್ಲ ಮಾವ, ಇವತ್ತು ದಾರೀಲೇ ಮೊಸಿಮಾನೆ ಮನೆ ಮದುವೆ ಇದೆ, ಹಂಗೇ ಹೋಗಿಬರೋಣ ಅಂತ."

"ಹೌದೌದು. ನ್ಯಾಯಾನೂ ಆಯ್ತು, ಮಾಂಸಾನೂ ಆಯ್ತು." ಕೆನೋಸಿ ಗಾಡಿಯ ಸುತ್ತ ಒಂದು ಸುತ್ತು ಬಂದು, ದನದ ಸಂತೆಯಲ್ಲಿ ಮಾಡುವ ಹಾಗೆ ಹಿಂದಿನ ಚಕ್ರಕ್ಕೆ ಕೋಲಿನಿಂದ ತಟ್ಟಿದ. "ಹಿಂದ್ಗಡೆ ಎತ್ತರ ಇದೆ. ಗೂಳಿ ಹತ್ತೋಕೆ ಹೊರಟ ಹಂಗೆ."

"ನಾನೇ ಎತ್ತರಿಸಿದ್ದು ಮಾವ," ಎಂದ ಟಿರೆಲೊ. "ಇಟ್ಟಿಗೆ ಹೊಡೀತಿದ್ನಲ್ಲ. ಲಾರಿ ಸ್ಪ್ರಿಂಗಿನ ಎರಡು ಪಟ್ಟಿ ಜಾಸ್ತಿ ಹಾಕ್ಸಿದೀನಿ. ಒಂದು ಮನೆ ಹೇರು, ಸೊಂಟ ಬಗ್ಗಿಸಲ್ಲ."

ಇದನ್ನು ಮೊತಿಬಿ ಮೊದಲ ದಿನವೇ ಕೇಳಿದ್ದ. ಬಡಾಯಿಯೆಂದು ಕೇಳಿದ್ದ. ಟಿರೆಲೊನ ಬಾಯಿಂದ ಬಂದ ಯಾವುದೇ ಮಾತು ಒಂದು ಸಂಗತಿಯಾಗಿರಬಹುದು ಎಂದು ಅವನಿಗೆ ಎಂದೂ ಹೊಳೆದಿರಲಿಲ್ಲ.

ಮುಂದಿನ ಸೀಟಿನಲ್ಲಿ ಮೂವರು: ಸ್ಟೀರಿಂಗಿನ ಹಿಂದೆ ಮೊತಿಬಿ, ನಡುವೆ ಒನಲೆನಾ, ಕಿಟಕಿಗೆ ಕೆನೋಸಿ. ಹಿಂದೆ ಕುರ್ಚಿಯನ್ನು ಕಾಯುತ್ತ ಟಿರೆಲೊ. ಡಾಂಬರು ರಸ್ತೆ ಕೂಡುವಲ್ಲಿ ಮುಳ್ಳುಮರದ ಕೆಳಗೆ ಮದುವೆಗೆ ಹೊರಟ ಹೆಂಗಸರ ದೊಡ್ಡ ಗುಂಪೇ ಇತ್ತು: ಮೂರು ಕಾಲಿನ ಕಬ್ಬಿಣದ ಕಡಾಯಿಗಳು, ಜೋಳದ ಹಿಟ್ಟಿನ ಚೀಲಗಳು, ಕಾಲು ಕಟ್ಟಿದ ಆಡು. ಕೈಗಳು ಎದ್ದವು, ಆದರೆ ಅರ್ಧಕ್ಕೇ ನಿಂತವು. ಬಂದ ಗಾಡಿ ಯಾರದೆಂದು ಗುರುತು ಸಿಕ್ಕಿತ್ತು. ಕೆನೋಸಿ ಕಿಟಕಿಯ ಹೊರಗೆ ಒಂದು ಬೆರಳು ಎತ್ತಿದ. ಮೊತಿಬಿ ನಿಲ್ಲಿಸಲೇಬೇಕಾಯಿತು. ಹಿರಿಯನೊಬ್ಬ ಕೂತ ಗಾಡಿ ಜನರನ್ನು ದಾಟಿ ಹೋಗುವುದೆಂದರೆ ಅವನ ಟೋಪಿಯನ್ನು ರಸ್ತೆಗೆ ಎಸೆದ ಹಾಗೆ.

ಸಿಟ್ಟು ಕುತ್ತಿಗೆಯವರೆಗೆ ಬಂದದ್ದು ಅಲ್ಲೇ ತಿರುಗಿ ಬೇರೊಂದು ಯೋಚನೆಯಾಯಿತು. ಹತ್ತಲಿ. ಖಾಲಿಯಿದ್ದಾಗಲೇ ಹಲ್ಲು ಕದಲಿಸುವ ಗಾಡಿ ಇಷ್ಟು ಹೇರಿದರೆ ಏನಾಗಬಹುದು? ಇವರೆಲ್ಲರ ಕಡಾಯಿಗಳು ಗಣಗಣ ಬಾರಿಸಲಿ, ಮುದುಕಿಯರು ದೇವರನ್ನು ಕೂಗಲಿ, ಆಡು ಉಚ್ಚೆ ಹೊಯ್ಯಲಿ. ಒಬ್ಬ ಕೆನೋಸಿಯ ಬದಲು ಇಡೀ ಹಳ್ಳಿಯೇ ಸಾಕ್ಷಿ. ಅವನು ಇಳಿದು ಹಿಂದಿನ ಬಾಗಿಲು ತೆರೆದ.

"ಬನ್ನಿ ಅಮ್ಮಾ, ಬನ್ನಿ. ಆ ಚೀಲಾನೂ ತನ್ನಿ. ಜಾಗ ಇದೆ, ಒತ್ತಿ ಕೂತ್ಕೊಳ್ಳಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಅಯ್ಯಯ್ಯೋ, ಇವತ್ತು ಸೂರ್ಯ ಎಲ್ಲಿ ಹುಟ್ಟಿದಾನೆ?" ಎಂದಳು ಹಿಟ್ಟಿನ ಚೀಲ ಹೊತ್ತ ದಪ್ಪನೆಯವಳು.

"ಸುಮ್ನೆ ಹತ್ತೇ, ಮನಸ್ಸು ಬದಲಾಯಿಸಿಯಾನು," ಎಂದಳು ಇನ್ನೊಬ್ಬಳು.

ಅವಳ ಕೈಹಿಡಿದು ಎಳೆದುಕೊಂಡ ಟಿರೆಲೊ, "ನಮ್ಮ ಭಾವನ್ನ ಹಂಗೆಲ್ಲ ಅನ್ಬೇಡಿ. ತೂಕದ ಆಫೀಸ್ರು. ನಿಮ್ಮನ್ನೆಲ್ಲ ಒಂದೇ ಸಲ ತೂಗ್ತಿದಾರೆ," ಎಂದ. ನಗು ಗಾಡಿಯ ಅಂಚು ತುಂಬಿ ಹೊರಚೆಲ್ಲಿತು. ಮೊತಿಬಿಯೂ ನಕ್ಕ. ನಗುವುದು ಅವನಿಗೆ ಖುಷಿಯಾಗಿಯೇ ಇತ್ತು, ಬಾಗಿಲು ಹಾಕುವಾಗ ಕೊಂಡಿ ಬೆರಳಿಗೆ ಕಚ್ಚಿದರೂ. ಒನಲೆನಾ ತಿರುಗಿ ಅವನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿದ್ದುದು ಮೆಚ್ಚುಗೆಯೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಬೇರೆ ಕಡೆ ನೋಡಿದ.

ಅರವತ್ತು. ಎಪ್ಪತ್ತು. ರಸ್ತೆ ನೇರವಾಗಿತ್ತು, ಎರಡೂ ಕಡೆ ಮೊಪಾನೆ ಪೊದೆ, ದೂರದಲ್ಲಿ ಡಾಂಬರಿನ ಮೇಲೆ ನೀರಿನಂತೆ ಮಿಂಚುವ ಬಿಸಿಲು. ಎಂಬತ್ತು. ಅವನು ತೊಡೆಗಳನ್ನು ಸಡಿಲ ಬಿಟ್ಟು ಕಾದ, ಸೂಜಿಮದ್ದಿಗೆ ಕಾಯುವವನ ಹಾಗೆ. ಎಂಬತ್ತೈದು. "ಈಗ," ಎಂದ. ಕೆನೋಸಿ ಗಂಭೀರವಾಗಿ ಅಂಗೈಯನ್ನು ಮುಂದಿನ ತಗಡಿನ ಮೇಲೆ ಇಟ್ಟ, ಜ್ವರ ನೋಡುವಂತೆ. ತೊಂಬತ್ತು. ಸೀಟು ಸೀಟಾಗಿಯೇ ಇತ್ತು. ನೆಲದ ತಗಡು ಬಾಯಿ ಹೊಲಿದುಕೊಂಡಿತ್ತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಒಂದೇ ಇತ್ತು, ನೇರ, ಚೊಕ್ಕ, ಅದರ ತುಂಬ ಹೆಂಗಸರ ಬಣ್ಣದ ತಲೆವಸ್ತ್ರ. ಅವನು ಇನ್ನೂ ಒತ್ತಿದ. ನೂರು. ಬೆನ್ನಿನಲ್ಲಿ ಬೆವರು ಒಂದು ಗೆರೆಯಾಗಿ ಇಳಿಯುತ್ತಿತ್ತು. ತೋರಿಸಿಕೋ, ತೋರಿಸಿಕೊಳ್ಳೇ ಮುಂಡೇದೇ, ಎಂದು ಗಾಡಿಗೆ ಹೇಳಿಕೊಂಡ. ದಿನವೂ ನನ್ನೊಬ್ಬನಿಗೆ ತೋರಿಸುವ ಹಲ್ಲನ್ನು ಈ ಮುದುಕನಿಗೂ ಒಂದು ಸಲ ತೋರಿಸು. ಶಾಲೆಯಲ್ಲಿ ಇನ್‌ಸ್ಪೆಕ್ಟರು ಬಂದ ದಿನ ಅವನಿಗೆ ಮಗ್ಗಿ ಮರೆತಿತ್ತು. ಹಿಂದಿನ ಸಂಜೆ ಇಡೀ ದನದ ಹಟ್ಟಿಗೆ ಕೇಳುವಂತೆ ಒಪ್ಪಿಸಿದ್ದವನು ಬೆಂಚಿನ ಮೇಲೆ ನಿಂತು ಬಾಯಿ ತೆರೆದರೆ ಗಾಳಿ ಬಂದಿತ್ತು. ಮೇಷ್ಟರು ಹೊಡೆಯಲಿಲ್ಲ. ಕೂತ್ಕೋ, ಎಂದು ಮೃದುವಾಗಿ ಹೇಳಿದ್ದರು. ಆ ಮೃದುತ್ವವನ್ನು ಅವನು ಇವತ್ತಿಗೂ ಕ್ಷಮಿಸಿರಲಿಲ್ಲ. ಹಿಂದೆ ಹೆಂಗಸರು ಹಾಡು ಶುರುಮಾಡಿದ್ದರು. ಪಕ್ಕದಲ್ಲಿ ಗೊರಕೆ ಕೇಳಿ ತಿರುಗಿದ. ಕೆನೋಸಿಯ ಟೋಪಿ ಮೂಗಿನವರೆಗೆ ಜಾರಿತ್ತು, ಅಂಗೈ ಇನ್ನೂ ತಗಡಿನ ಮೇಲೇ ಇತ್ತು.

ನಡುವೆ ಒನಲೆನಾ ನೇರ ಮುಂದೆ ನೋಡುತ್ತ ಕೂತಿದ್ದಳು. ಬಹಳ ಮೆಲ್ಲಗೆ, ತುಟಿ ಅಲ್ಲಾಡದ ಹಾಗೆ, "ಎಲ್ಲಿ?" ಎಂದಳು.

"ಬರುತ್ತೆ."

"ಯಾವಾಗ?"

ಮದುವೆ ಮನೆಯ ಬಿಳಿ ಡೇರೆಗಳು ಕಾಣತೊಡಗಿದ್ದವು.

ನ್ಯಾಯ ಅಲ್ಲೇ, ಗಾಡಿಯ ಪಕ್ಕದಲ್ಲೇ ಮುಗಿಯಿತು. ಕೆನೋಸಿ ಕುರ್ಚಿ ಬಿಡಿಸಿ ಕೂತ. ಇಳಿದ ಹೆಂಗಸರು ಹೋಗದೆ ನಿಂತರು. ಕಡಾಯಿಯಲ್ಲಿ ಮಾಂಸ ಕುಟ್ಟುತ್ತಿದ್ದ ಆ ಮನೆಯ ಅಳಿಯಂದಿರೂ ಒನಕೆ ಹಿಡಿದೇ ಬಂದರು. "ಅಳಿಯಂದ್ರೇ," ಎಂದ ಕೆನೋಸಿ, ನಿದ್ದೆ ಹತ್ತಿದ ಕಣ್ಣು ಒರೆಸಿಕೊಳ್ಳುತ್ತ, "ನಾನು ರೈಲು ಹತ್ತಿದೀನಿ, ಆಸ್ಪತ್ರೆ ಗಾಡೀಲಿ ಮಲಗಿದೀನಿ, ಗಣಿಗೆ ಇಳಿಯೋ ತೊಟ್ಟಿಲಲ್ಲೂ ನಿಂತಿದೀನಿ. ಇಷ್ಟು ಚೆನ್ನಾಗಿ ಯಾವುದ್ರಲ್ಲೂ ನಿದ್ದೆ ಬಂದಿಲ್ಲ. ನಿಮಗೆ ನಡುಕ ಬರೋದಾದ್ರೆ, ಡಾಕ್ಟ್ರಿಗೆ ತೋರಿಸ್ಕೊಳ್ಳಿ." ನಗು. ಮೊತಿಬಿ ಟೋಪಿ ತೆಗೆದ. ಮೊಣಕಾಲು ಮಡಿಸುವಾಗ ಕೀಲು ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು ಅನ್ನಿಸಿತು. ಟಿರೆಲೊನ ಮಿರುಗುವ ಕಣಕಾಲುಗಳಿಗೆ ಅವನ ಮುಖ ಸಮನಾಯಿತು. ತಪ್ಪಾಯಿತು ಎಂದ. "ಜೋರಾಗಿ, ಅಳಿಯಾ, ಆಡು ಅರಚ್ತಿದೆ," ಎಂದ ಕೆನೋಸಿ. ಮತ್ತೆ ಹೇಳಿದ. ಟಿರೆಲೊಗೂ ಇದು ಹಿತವಾಗಿರಲಿಲ್ಲ. ಬಗ್ಗಿ, "ಏಳಿ ಭಾವ, ಸಾಕು, ಏಳಿ," ಎಂದು ತೋಳು ಹಿಡಿದ. ಆ ಕೈಯಲ್ಲಿ ಎಣ್ಣೆಯಿತ್ತು. ಅವನ ಕರುಣೆ ಅವನ ಮೋಸಕ್ಕಿಂತ ಅಸಹ್ಯವಾಗಿತ್ತು. ಮೋಸವಿಲ್ಲವೆಂದಾದ ಮೇಲೆ ಕರುಣೆಯೊಂದೇ ಉಳಿದಿತ್ತು.

"ಮತ್ತೆ ನೀನು?" ಕೆನೋಸಿ ಒನಲೆನಾಳ ಕಡೆ ತಿರುಗಿದ. "ನಿಂಗೂ ಗೊತ್ತಾಗಿತ್ತಲ್ಲವಾ?"

ಅವಳು ಶಾಲಿನ ಪಿನ್ನನ್ನು ಹಿಡಿದುಕೊಂಡು, "ನಂಗೆ ಹಂಗನ್ನಿಸಿತ್ತು ಮಾವ," ಎಂದಳು.

"ಅನ್ಸುತ್ತೆ. ಅನ್ಸುತ್ತೆ. ಗಂಡ ಸೀನಿದ್ರೆ ನಿಂಗೆ ನೆಗಡಿ." ಅವನು ಕುರ್ಚಿ ಮಡಿಸಿದ. "ಹುಟ್ಟಿದ ಮನೆ ಅನ್ನೋದು ಒಂದಿರುತ್ತಮ್ಮಾ. ಅದನ್ನ ಅಡ ಇಡೋಕೆ ಮುಂಚೆ ಗಾಡೀನ ಸರಿಯಾಗಿ ನೋಡ್ಬೇಕಿತ್ತು."

ಕೆನೋಸಿ, ಟಿರೆಲೊ ಅಲ್ಲೇ ಉಳಿದರು. ಗಂಡ ಹೆಂಡತಿ ಊಟಕ್ಕೆ ನಿಲ್ಲಲಿಲ್ಲ. ನಿಲ್ಲಿ ಎಂದು ಬಾಯಿತುಂಬ ಹೇಳಿದವರೂ ಇರಲಿಲ್ಲ. ಮೊತಿಬಿ ಗಾಡಿ ಹತ್ತುವ ಮೊದಲು ಹಿಂದಿನ ಭಾಗ ಮತ್ತೆ ಎತ್ತರಕ್ಕೆ ಎದ್ದು ನಿಂತಿರುವುದು ಕಣ್ಣಿಗೆ ಬಿತ್ತು, ಮಲಗಿದ್ದ ದನ ಹಿಂಗಾಲು ಮೊದಲು ಎತ್ತಿ ಏಳುವ ಹಾಗೆ. ನೋಡಿದ ಅಷ್ಟೆ. ತಲೆಯಲ್ಲಿ ಬೇರೇನೂ ಹಿಡಿಸುತ್ತಿರಲಿಲ್ಲ. ಆ ಒನಕೆ ಹಿಡಿದವರ ನಗುಮುಖಗಳನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳುತ್ತಿದ್ದ. ಅವರಲ್ಲಿ ಒಬ್ಬನಿಗೆ ಕಟುಕನ ಅಂಗಡಿಯಿತ್ತು. ಒಂದು ದಿನ ಹಿತ್ತಾಳೆ ಬಟ್ಟು ಹಿಡಿದು ಅಲ್ಲಿ ನಿಲ್ಲುವೆ. ಈ ಯೋಚನೆ ಎಷ್ಟು ಕ್ಷುಲ್ಲಕವಾಗಿತ್ತೆಂದರೆ ಅವನೇ ಮುಖ ಸಿಂಡರಿಸಿದ.

ಒನಲೆನಾ ಕಿಟಕಿಯ ಪಕ್ಕಕ್ಕೆ ಸರಿದು ಕೂತಿದ್ದಳು. ಇಬ್ಬರ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಎಪ್ಪತ್ತು. ಎಂಬತ್ತು. ಎಂಬತ್ತೈದರಲ್ಲಿ ತೊಡೆಯ ಕೆಳಗೆ, ಹಳೆಯ ನೆಂಟನಂತೆ, ಅದು ಬಂತು. ಅವನಿಗೆ ಮೊದಲು ತನ್ನ ಕಾಲೇ ಅದುರುತ್ತಿದೆ ಅನ್ನಿಸಿತು. ತೊಂಬತ್ತಕ್ಕೆ ತಗಡು ಗುಂಯ್ ಎಂದಿತು. ಕನ್ನಡಿಯಲ್ಲಿ ರಸ್ತೆ ಎರಡಾಯಿತು.

"ಇಲ್ಲಿ! ಇಲ್ಲಿ ಇದೆ! ಕೈ ಇಡು, ಕೈ ಇಡು ಇಲ್ಲಿ!"

ಅವಳು ಕೈ ಇಡಬೇಕಾಗಿರಲಿಲ್ಲ. ಅವಳ ಕಿವಿಯೋಲೆ ಅದುರುತ್ತಿತ್ತು, ಕೆನ್ನೆಯ ಮಾಂಸ ಅದುರುತ್ತಿತ್ತು. ಮುಖದ ಮೇಲೆ ಅವನು ಬೆಳಿಗ್ಗೆಯಿಂದ ಕಾಣದ ಬೆಳಕೊಂದು ಬಂತು. "ಅಯ್ಯೋ, ಹೌದು," ಎಂದಳು. "ಹೌದಲ್ಲ! ನಾನು ಹೇಳಿದ್ದು ಸುಳ್ಳಲ್ಲ!" ಮಗುವಿನ ಹಾಗೆ ನಕ್ಕಳು. ಅವನೂ ನಕ್ಕ. ಒಂದು ಗಳಿಗೆ ಇಬ್ಬರೂ ಒಂದೇ ಸೀಟಿನ ಮೇಲೆ ಒಂದೇ ನಡುಕದಲ್ಲಿ ಕೂತಿದ್ದರು, ಮದುವೆಯಾದ ಮೇಲೆ ಇಷ್ಟು ಹತ್ತಿರ ಎಂದೂ ಕೂತಿರಲಿಲ್ಲವೇನೋ ಎಂಬಂತೆ. ಆಗ ಎಲ್ಲವೂ ಅವನ ತಲೆಯಲ್ಲಿ ತಾನಾಗಿ ಜೋಡಿಸಿಕೊಂಡಿತು: ಲಾರಿಯ ಪಟ್ಟಿಗಳು, ಎದ್ದು ನಿಂತ ಹಿಂಭಾಗ, ಓರೆಯಾಗಿ ತಿರುಗುವ ಶಾಫ್ಟು. "ಅದಕ್ಕೇ! ಹೇರಿದ್ರೆ ಹಿಂದ್ಗಡೆ ತಗ್ಗುತ್ತೆ, ಶಾಫ್ಟು ನೇರ ಆಗುತ್ತೆ, ನಡುಕ ಹೋಗುತ್ತೆ. ಖಾಲಿ ಇದ್ರೆ ಮೇಲೇಳುತ್ತೆ, ಓರೆ ತಿರುಗುತ್ತೆ. ನಿನ್ನ ತಮ್ಮ ಇದನ್ನ ಹಾಳು ಮಾಡಿದಾನೆ, ಗೊತ್ತಿಲ್ದೆ ಮಾಡಿದ್ರೂ ಹಾಳೇ! ತಿರುಗಿಸ್ತೀನಿ. ಈಗ್ಲೇ. ಎಲ್ರೆದುರಿಗೂ ಆ ಮುದುಕನ್ನ ಕೂರಿಸ್ಕೊಂಡು, ಖಾಲಿ ಗಾಡೀಲಿ..." ಅವನು ಬ್ರೇಕ್ ಒತ್ತಿ ರಸ್ತೆಯ ಬದಿಗೆ ಇಳಿಸಿದ. ಮುಂದೆ ಸ್ವಲ್ಪ ದೂರದಲ್ಲಿ ಮುಳ್ಳುಮರದ ಕೆಳಗೆ ಮೂರು ನಾಲ್ಕು ಹೆಂಗಸರು ನಿಂತಿದ್ದರು. ಅವನು ಅವರನ್ನು ನೋಡಲಿಲ್ಲ. ತಿರುಗಿಸಲು ಹಿಂದಿನ ರಸ್ತೆ ನೋಡುತ್ತಿದ್ದ.

"ಏನಂತ ಹೇಳ್ತೀಯ?" ಎಂದಳು ಒನಲೆನಾ.

"ಖಾಲಿ ಇದ್ದಾಗ ನಡುಗುತ್ತೆ ಅಂತ."

"ತಮ್ಮ ಓಡಿಸಿದಷ್ಟು ವರ್ಷ ಯಾಕೆ ನಡುಗಲಿಲ್ಲ ಅಂತ ಕೇಳ್ತಾರೆ."

"ಅವನು ಯಾವಾಗ್ಲೂ ಹೇರ್ಕೊಂಡೇ..." ಅವನು ನಿಲ್ಲಿಸಿದ.

"ಇಟ್ಟಿಗೆ ಇಲ್ದಿದ್ರೆ ಜನ," ಎಂದಳು ಅವಳು. ನಗು ಹೋಗಿತ್ತು. ಲೆಕ್ಕ ಕೂಡುವವಳ ಹಾಗೆ ನಿಧಾನವಾಗಿ ಮಾತಾಡಿದಳು. "ನಿಂಗೆ ದಿನಾ ನಡುಗಿದೆ. ಗಾಡಿ ತಗೊಂಡಾಗಿಂದ, ಹೋಗ್ತಾ, ಬರ್ತಾ. ಒಂದಿನಾನೂ ತಪ್ಪದ ಹಂಗೆ."

"ಸರ್ಕಾರಿ ಕೆಲಸಕ್ಕೆ ಹೋಗೋನು ನಾನು, ಬಸ್ಸು ಓಡ್ಸೋನಲ್ಲ."

"ಆ ದಿನ ಅಮ್ಮ ಕ್ಲಿನಿಕ್ಕಿಂದ ಬರ್ತಾ ರಸ್ತೇಲಿ ನಿಂತಿದ್ಲು. ಮಧ್ಯಾಹ್ನ. ನೀನು ದಾಟಿ ಹೋದೆ. ಮನೆಗೆ ಬಂದು ಏನಂದ್ಲು ಗೊತ್ತಾ? 'ನಿನ್ನ ಗಂಡನ್ನ ಕಣ್ಣಿನ ಡಾಕ್ಟ್ರಿಗೆ ತೋರಿಸೇ, ಪಾಪ, ದೂರದ್ದು ಕಾಣಲ್ಲ ಅನ್ಸುತ್ತೆ' ಅಂದ್ಲು. ನಾನೂ ನಂಬಿದೆ. ಕನ್ನಡಕದ ಅಂಗಡಿ ಎಲ್ಲಿದೆ ಅಂತ ಕೇಳ್ಕೊಂಡೂ ಬಂದಿದ್ದೆ."

ಮೊತಿಬಿಗೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿತ್ತು. ಅತ್ತೆಯ ಕೈಯಲ್ಲಿ ಔಷಧದ ಸಣ್ಣ ಬಿಳಿ ಚೀಲ ಇತ್ತು. ಅವಳು ಉಳಿದವರ ಹಾಗೆ ಕೈ ಆಡಿಸಿರಲಿಲ್ಲ. ಅಳಿಯನ ಗಾಡಿಗೆ ಕೈ ತೋರಿಸುವ ಅಗತ್ಯವಿಲ್ಲವೆಂದು ಚೀಲವನ್ನು ತಲೆಯ ಮೇಲಿಟ್ಟುಕೊಂಡು ಹತ್ತಲು ಸಿದ್ಧಳಾಗಿ ಎರಡು ಹೆಜ್ಜೆ ಮುಂದೆ ಬಂದಿದ್ದಳು. ಅವಳೊಬ್ಬಳೇ ಆಗಿದ್ದರೆ ನಿಲ್ಲಿಸುತ್ತಿದ್ದ. ಜೊತೆಗೆ ಇತರರಿದ್ದರು. ಈ ಸಮಜಾಯಿಷಿಯನ್ನು ಬಾಯಿಯವರೆಗೆ ತಂದುಕೊಂಡು, ಅದು ಹೇಗೆ ಕೇಳಿಸುತ್ತದೆಂದು ಗೊತ್ತಾಗಿ ನುಂಗಿದ. ಹೆಂಡತಿಯ ಮೇಲೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲಿ, ಗೆದ್ದ ಹೊತ್ತಿನಲ್ಲಿ, ಇವಳಿಗೆ ಅಮ್ಮ ನೆನಪಾಗಬೇಕು. ಈ ಜಾತಿಯೇ ಹೀಗೆ, ತೋರಿಸಿದ್ದನ್ನು ನೋಡುವುದಿಲ್ಲ, ತೋರಿಸುವ ಬೆರಳಿನ ಉಗುರು ನೋಡುತ್ತಾರೆ.

"ಹಂಗಾದ್ರೆ ತಿರುಗಿಸ್ಬೇಡವಾ? ನಿನ್ನ ಮಾತು ಸುಳ್ಳು ಅಂತಾನೇ ಇರ್ಲಾ ನಿಮ್ಮನೇಲಿ?"

"ಸುಳ್ಳು ಅಂತಾನೇ ಇರ್ಲಿ," ಎಂದಳು. "ಅದೇ ವಾಸಿ. ನಿಜ ಹೇಳೋಕೆ ಹೋದ್ರೆ ನಿನ್ನ ಬಗ್ಗೆ ಹೇಳ್ಬೇಕು."

ಮೊತಿಬಿ ಗೇರು ಹಾಕಿದ. ಹಿಂದಕ್ಕಲ್ಲ, ಮುಂದಕ್ಕೆ. ತೋರಿಸುತ್ತೇನೆ ಇವಳಿಗೆ. ಮುಳ್ಳುಮರದ ಬಳಿ, ಹೆಂಗಸರ ಎದುರಿಗೆ ಸರಿಯಾಗಿ ತಂದು ನಿಲ್ಲಿಸಿ, ಒನಲೆನಾಳನ್ನು ದಾಟಿ ಕಿಟಕಿಯತ್ತ ಬಾಗಿ, "ಹತ್ತಿ," ಎಂದ. ದನಿ ಅವನು ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. "ಎಲ್ಲಿಗೆ? ಹತ್ತಿ, ಹತ್ತಿ. ದುಡ್ಡು ಬೇಡ."

ಯಾರೂ ಕದಲಲಿಲ್ಲ. ಚರ್ಮ ಸುಕ್ಕಾದ ಒಬ್ಬ ಮುದುಕಿ ಗಾಡಿಯನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಗಾಡಿಯನ್ನು. "ಬೇಡಪ್ಪ. ನಾವು ಇನ್ನೊಂದಕ್ಕೆ ಕಾಯ್ತೀವಿ."

"ಯಾಕೆ? ಇದೂ ಅಲ್ಲಿಗೇ ಹೋಗೋದು."

"ಗೊತ್ತು. ದಿನಾ ಹೋಗೋದು ನೋಡ್ತೀವಲ್ಲ," ಎಂದಳು ಮುದುಕಿ. ಅದರಲ್ಲಿ ಸಿಟ್ಟು ಇರಲಿಲ್ಲ. ಪಕ್ಕದವಳು ಏನೋ ಪಿಸುಗುಟ್ಟಿದಳು, ಇನ್ನೊಬ್ಬಳು ಬಾಯಿಗೆ ಶಾಲಿನ ತುದಿ ಒತ್ತಿಕೊಂಡಳು. ಆಮೇಲೆ ಅವರು ಮಾತು ಮುಗಿದವರ ಹಾಗೆ ಗಾಡಿಗೆ ಬೆನ್ನು ತಿರುಗಿಸಿ, ರಸ್ತೆಯಲ್ಲಿ ಅವನು ಬಂದ ದಿಕ್ಕಿಗೆ ಕಣ್ಣು ಹಾಯಿಸುತ್ತ ನಿಂತರು.

"ಏನಾದ್ರೂ ಮಾಡ್ಕೊಳ್ಳಿ," ಎಂದ ಮೊತಿಬಿ. "ಒಣಗ್ಕೊಂಡು ಸಾಯಿರಿ." ಗೇರಿನ ಮೇಲೆ ಕೈಯಿಟ್ಟಾಗ ಬಾಗಿಲು ತೆರೆದ ಸದ್ದು ಕೇಳಿಸಿತು. ಒನಲೆನಾ ಇಳಿಯ ಹೊರಟಿದ್ದಳು. ಲಂಗ ಎತ್ತಿಹಿಡಿದು, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಮಣ್ಣಿಗೆ.

"ಎಲ್ಲಿಗೆ?"

"ನೀನು ಹೋಗಿರು."

"ಹುಚ್ಚು ಹಿಡಿದಿದ್ಯಾ? ಗಂಡನ ಗಾಡಿ ಇಟ್ಕೊಂಡು ರಸ್ತೇಲಿ ಕೈ ಆಡಿಸ್ತೀಯಾ? ಜನ ಏನಂತಾರೆ?"

"ಇವರಾ?" ಎಂದು ಒನಲೆನಾ ಹೆಂಗಸರ ಕಡೆ ಒಮ್ಮೆ ನೋಡಿದಳು. ಆಮೇಲೆ ಬಾಗಿಲನ್ನು ಮೆಲ್ಲಗೆ, ಎರಡನೇ ಸಲ ಒತ್ತಿ, ಸರಿಯಾಗಿ ಹಾಕಿದಳು. ಹೆಂಗಸರು ನೆರಳಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು.

ಅವನು ಹೊರಟ. ಹೊರಟು ಒಂದು ಕೂಗಳತೆ ಹೋಗಿ ನಿಲ್ಲಿಸಿದ. ನಡೆದು ಬರುತ್ತಾಳೆ, ಬರಲೇಬೇಕು, ಬಿಸಿಲಿದೆ. ಎಂಜಿನ್ ಆರಿಸಲಿಲ್ಲ. ನಿಂತಲ್ಲಿ ಗಾಡಿ ಒಂದಿಷ್ಟೂ ನಡುಗುತ್ತಿರಲಿಲ್ಲ. ಕನ್ನಡಿಯಲ್ಲಿ ಮರ ಇತ್ತು, ಮರದ ಕೆಳಗೆ ನೀಲಿ ಚುಕ್ಕೆಯ ಲಂಗ ಇತ್ತು. ರಸ್ತೆಯ ಕೊನೆಯಲ್ಲಿ ಬಿಸಿಲಿನ ನೀರಿನಿಂದ ಒಂದು ಹಳೇ ಪಿಕಪ್ಪು ಮೇಲೆದ್ದು ಬಂತು, ಹಿಂಭಾಗ ನೆಲಕ್ಕೆ ತಾಗುವಷ್ಟು ಹೇರಿಕೊಂಡು. ಮರದ ಕೆಳಗೆ ಕೈಗಳೆದ್ದವು. ಎಲ್ಲಕ್ಕಿಂತ ಮೊದಲು ಎದ್ದದ್ದು ಒನಲೆನಾಳದು, ತೋಳು ಪೂರ್ತಿ ಚಾಚಿ, ಅಂಗೈ ಕೆಳಗೆ. ಜಾಗವೇ ಇಲ್ಲದ ಆ ಗಾಡಿ ನಿಂತಿತು. ಯಾರೋ ಚೀಲ ಎಳೆದುಕೊಂಡರು, ಯಾರೋ ಅವಳ ಮಣಿಕಟ್ಟು ಹಿಡಿದು ಮೇಲೆತ್ತಿದರು.

ಅದು ಅವನನ್ನು ದಾಟಿ ಹೋಯಿತು. ದಾಟುವಾಗ ಹಿಂದೆ ಕೂತವರ ಮುಖಗಳು ಅವನ ಕಿಟಕಿಗೆ ಸಮನಾಗಿ ಬಂದವು. ಒನಲೆನಾ ಯಾರದೋ ಮಗುವನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಳ್ಳುತ್ತಿದ್ದಳು, ತಲೆಯೆತ್ತುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಅದನ್ನು ಹಿಂದೆ ಹಾಕಬೇಕೆಂದರೆ ಎಂಬತ್ತು ದಾಟಬೇಕಾಗಿತ್ತು. ಅವನು ಅರವತ್ತರಲ್ಲಿ, ಅದರ ಹೊಗೆಯ ಹಿಂದೆಯೇ ಹೋದ.